'ಗಿಂತ' ಎಲ್ಲಿದೆ ನೋಡಿ: ಮೊತ್ತ, ವ್ಯತ್ಯಾಸದ ವಾಕ್ಯ ಲೆಕ್ಕ ಬಿಡಿಸುವ ದಾರಿ

"ಕೂಡೋದು ಕಳೆಯೋದು ಎಲ್ಲ ಬರುತ್ತೆ. ವಾಕ್ಯದಲ್ಲಿ ಕೊಟ್ಟರೆ ಮಾತ್ರ ಕೈ ಓಡಲ್ಲ." ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮಕ್ಕಳು, ಅವರ ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ. ಏಳನೇ ತರಗತಿಯಲ್ಲಿ ಸರಳ ಸಮೀಕರಣ ಶುರುವಾಗುವಾಗ ಈ ಕಷ್ಟ ಹಿಡಿಯುತ್ತದೆ. ಅಲ್ಲೇ ಬಿಡಿಸಿಕೊಳ್ಳದಿದ್ದರೆ ಎಸ್ಸೆಸ್ಸೆಲ್ಸಿವರೆಗೂ ಬೆನ್ನು ಬಿಡುವುದಿಲ್ಲ.

ನಾನು ಸಂಜೆ ಹೊತ್ತು ಮನೆ ಜಗಲಿಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ತಪ್ಪಾದ ಲೆಕ್ಕಗಳನ್ನು ಒಂದೊಂದಾಗಿ ನೋಡುತ್ತಾ ಬಂದಾಗ ಒಂದು ವಿಷಯ ಗೊತ್ತಾಯಿತು. ಮಕ್ಕಳು ಕೂಡುವುದರಲ್ಲಿ ತಪ್ಪುವುದು ಬಹಳ ಕಡಿಮೆ. ಅವರು ತಪ್ಪುವುದು ಕನ್ನಡ ಓದುವುದರಲ್ಲಿ. ಅದರಲ್ಲೂ 'ಗಿಂತ' ಅನ್ನುವ ಎರಡಕ್ಷರದಲ್ಲಿ. ಹಾಗಾಗಿ ಈ ಲೇಖನದಲ್ಲಿ ಲೆಕ್ಕ ಮಾಡುವುದಕ್ಕಿಂತ ಲೆಕ್ಕ ಓದುವುದರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮೊದಲು ಏನೇನು ಬೇಕು

ಒಂದು ರಫ್ ಪುಸ್ತಕ, ಪೆನ್ಸಿಲ್, ಮತ್ತು ಒಂದು ಬೊಗಸೆ ಅಡಿಕೆ. ಅಡಿಕೆ ಇಲ್ಲದಿದ್ದರೆ ಹುಣಸೆ ಬೀಜವೂ ಆಗುತ್ತದೆ. ಮೂವತ್ತು ಇದ್ದರೆ ಸಾಕು. ಹತ್ತನೇ ತರಗತಿಯವರು "ನಮಗೆ ಅದೆಲ್ಲ ಬೇಡ" ಅನ್ನಬಹುದು. ದಯವಿಟ್ಟು ಒಂದು ಸಲ ಮಾಡಿ ನೋಡಿ.

ನಾಲ್ಕು ಪದ ಗೊತ್ತಿರಲಿ. 'ಮೊತ್ತ' ಅಂದರೆ ಕೂಡಿದಾಗ ಬರುವುದು. ಲೆಕ್ಕದಲ್ಲಿ ಇದು 'ಒಟ್ಟು', 'ಸೇರಿ', 'ಎರಡೂ ಕೂಡಿ' ಎಂಬ ಮಾತಿನಲ್ಲಿ ಬರುತ್ತದೆ. 'ವ್ಯತ್ಯಾಸ' ಅಂದರೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ಉಳಿಯುವುದು. 'ಚರಾಕ್ಷರ' ಅಂದರೆ ಇನ್ನೂ ಗೊತ್ತಿಲ್ಲದ ಸಂಖ್ಯೆಯ ಜಾಗದಲ್ಲಿ ಕೂರಿಸುವ ಅಕ್ಷರ. 'ಸಮೀಕರಣ' ಅಂದರೆ ನಡುವೆ ಸಮ ಚಿಹ್ನೆ ಇಟ್ಟು, ಎಡಗಡೆಯೂ ಬಲಗಡೆಯೂ ಒಂದೇ ಬೆಲೆ ಎಂದು ಹೇಳುವ ಸಾಲು.

ಪಠ್ಯಪುಸ್ತಕದಲ್ಲಿ ಚರಾಕ್ಷರಕ್ಕೆ ಎಕ್ಸ್, ವೈ ಬಳಸುತ್ತಾರೆ. ಇಲ್ಲಿ ನಾನು 'ಯ' ಎಂದು ಬರೆಯುತ್ತೇನೆ. ಇದು ನಾನು ಕಟ್ಟಿದ್ದಲ್ಲ. 12ನೇ ಶತಮಾನದ ಗಣಿತಜ್ಞ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಗೆ 'ಯಾವತ್ತಾವತ್' ಅನ್ನುತ್ತಿದ್ದರು. 'ಎಷ್ಟಿದೆಯೋ ಅಷ್ಟು' ಎಂದು ಅದರ ಅರ್ಥ. ಚಿಕ್ಕದಾಗಿ 'ಯಾ' ಎಂದು ಬರೆಯುತ್ತಿದ್ದರು. ಎಕ್ಸ್ ಕಂಡರೆ ಹೆದರುವ ಮಕ್ಕಳಿಗೆ ಈ ಅರ್ಥ ಹೇಳಿ ನೋಡಿ. ಅದು ಭೂತವಲ್ಲ, ಎಷ್ಟಿದೆಯೋ ಅಷ್ಟು, ಅಷ್ಟೇ. ಪರೀಕ್ಷೆಯಲ್ಲಿ ಮಾತ್ರ ನಿಮ್ಮ ಪುಸ್ತಕದಲ್ಲಿರುವ ಅಕ್ಷರವನ್ನೇ ಬರೆಯಿರಿ.

ಪೆನ್ಸಿಲ್ ಹಿಡಿಯುವ ಮೊದಲು: ನೆಲದ ಮೇಲೆ ಇಪ್ಪತ್ತು ಅಡಿಕೆ

ಇಪ್ಪತ್ತು ಅಡಿಕೆ ಎಣಿಸಿಡಿ. ಎರಡು ಗುಂಪು ಮಾಡಬೇಕು. ಒಂದರಲ್ಲಿ ಇನ್ನೊಂದಕ್ಕಿಂತ 4 ಜಾಸ್ತಿ ಇರಬೇಕು.

ಹೆಚ್ಚಿನ ಮಕ್ಕಳು ಮೊದಲು ಹತ್ತು ಹತ್ತು ಮಾಡುತ್ತಾರೆ. ಆಮೇಲೆ ಒಂದು ಗುಂಪಿನಿಂದ 4 ತೆಗೆದು ಇನ್ನೊಂದಕ್ಕೆ ದೂಡುತ್ತಾರೆ. ಈಗ 14 ಮತ್ತು 6. ಎಣಿಸಿ ನೋಡಿದರೆ ವ್ಯತ್ಯಾಸ 8! ಮಗುವಿನ ಕೈ ಅಲ್ಲೇ ನಿಲ್ಲುತ್ತದೆ. ನೀವು ಬಾಯಿ ಬಿಡಬೇಡಿ, ಸ್ವಲ್ಪ ಹೊತ್ತು ಹಾಗೇ ಇರಿ. ಈ ಗುಂಪಿನಲ್ಲಿ 4 ಕಡಿಮೆಯಾಯಿತು, ಆ ಗುಂಪಿನಲ್ಲಿ 4 ಜಾಸ್ತಿಯಾಯಿತು, ಹಾಗಾಗಿ ಅಂತರ 8 ಆಯಿತು. ಇದು ಮಗುವಿಗೆ ತಾನಾಗಿಯೇ ಹೊಳೆಯಬೇಕು.

ಈಗ ಬೇರೆ ಥರ ಮಾಡಿ. ಇಪ್ಪತ್ತರಲ್ಲಿ ಆ ಜಾಸ್ತಿಯ 4 ಅಡಿಕೆಯನ್ನು ಮೊದಲೇ ತೆಗೆದು ಬದಿಗಿಡಿ. ಉಳಿದದ್ದು 16. ಸಮ ಪಾಲು ಮಾಡಿದರೆ 8 ಮತ್ತು 8. ಬದಿಗಿಟ್ಟ ನಾಲ್ಕನ್ನೂ ಒಂದು ಗುಂಪಿಗೆ ಹಾಕಿ. 12 ಮತ್ತು 8. ಕೂಡಿದರೆ 20, ಕಳೆದರೆ 4.

ಮುಂದೆ ಬರುವ ಎಲ್ಲ ಲೆಕ್ಕದ ಬೇರು ಇದೇ: ಜಾಸ್ತಿ ಇರುವುದನ್ನು ಮೊದಲು ಬದಿಗಿಡು, ಉಳಿದದ್ದನ್ನು ಸಮ ಹಂಚು, ಆಮೇಲೆ ವಾಪಸ್ ಕೊಡು. ಸಮೀಕರಣ ಇದನ್ನೇ ಕಾಗದದ ಮೇಲೆ ಮಾಡುತ್ತದೆ.

ಹಂತ 1: ಕೊನೆಯ ವಾಕ್ಯದಿಂದ ಓದಿ

ಈ ಲೆಕ್ಕ ಇಟ್ಟುಕೊಳ್ಳೋಣ.

"ಅಕ್ಕ ಮತ್ತು ತಮ್ಮ ಸೇರಿ 46 ಕೆ.ಜಿ. ಅಡಿಕೆ ಸುಲಿದರು. ಅಕ್ಕ ತಮ್ಮನಿಗಿಂತ 8 ಕೆ.ಜಿ. ಜಾಸ್ತಿ ಸುಲಿದಳು. ಅಕ್ಕ ಸುಲಿದದ್ದು ಎಷ್ಟು?"

ಪ್ರಶ್ನೆ ಇರುವುದು ಕೊನೆಯಲ್ಲಿ. ಅದನ್ನು ಮೊದಲು ಓದಿ, ಕೆಳಗೆ ಗೆರೆ ಎಳೆಯಿರಿ. ಇಲ್ಲಿ ಕೇಳಿರುವುದು ಅಕ್ಕನ ಲೆಕ್ಕ, ತಮ್ಮನದ್ದಲ್ಲ. ಇದನ್ನು ಮೊದಲೇ ನೋಡಿಟ್ಟುಕೊಳ್ಳದ ಮಕ್ಕಳು ಕೊನೆಗೆ ತಮ್ಮನ ಉತ್ತರ ಬರೆದು ಎದ್ದುಬಿಡುತ್ತಾರೆ. ಲೆಕ್ಕ ಪೂರ್ತಿ ಸರಿ, ಉತ್ತರ ತಪ್ಪು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಮೇಲಿನಿಂದ ಇಡೀ ಲೆಕ್ಕ ಎರಡು ಸಲ ಓದಿ. ಮೊದಲ ಸಲ ಕತೆಗಾಗಿ, ಎರಡನೇ ಸಲ ಸಂಖ್ಯೆಗಾಗಿ.

ಹಂತ 2: 'ಗಿಂತ' ಹುಡುಕಿ, ಸುತ್ತು ಹಾಕಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಇಲ್ಲಿ ಅವಸರ ಬೇಡ.

ಕನ್ನಡದಲ್ಲಿ ಪದಗಳ ಜಾಗ ಬದಲಾಯಿಸಬಹುದು. "ಅಕ್ಕ ತಮ್ಮನಿಗಿಂತ 8 ಕೆ.ಜಿ. ಜಾಸ್ತಿ ಸುಲಿದಳು" ಅನ್ನಬಹುದು. "ತಮ್ಮನಿಗಿಂತ ಅಕ್ಕ 8 ಕೆ.ಜಿ. ಜಾಸ್ತಿ ಸುಲಿದಳು" ಅಂತಲೂ ಹೇಳಬಹುದು. ಅರ್ಥ ಒಂದೇ. ಆದರೆ 'ಮೊದಲು ಯಾರ ಹೆಸರು ಬಂತೋ ಅವರದ್ದು ಜಾಸ್ತಿ' ಎಂದು ಅಂದುಕೊಂಡ ಮಗು ಎರಡನೇ ವಾಕ್ಯದಲ್ಲಿ ಬಿದ್ದುಬಿಡುತ್ತದೆ. ಹೆಸರಿನ ಜಾಗ ನಂಬಬೇಡಿ. 'ಗಿಂತ' ಯಾರಿಗೆ ಅಂಟಿಕೊಂಡಿದೆ ನೋಡಿ. ವಾಕ್ಯವನ್ನು ಹೇಗೆ ತಿರುಗಿಸಿದರೂ ಅದು ತಮ್ಮನನ್ನು ಬಿಡುವುದಿಲ್ಲ.

ನಿಯಮ ಇಷ್ಟೇ. 'ಗಿಂತ' ಅಥವಾ 'ಕ್ಕಿಂತ' ಯಾವುದಕ್ಕೆ ಅಂಟಿದೆಯೋ ಅದು ಅಳತೆಗೋಲು. ಅದಕ್ಕೆ ಬರೀ 'ಯ' ಕೊಡಿ. ಇನ್ನೊಂದನ್ನು ಅದರಿಂದ ಅಳೆಯಿರಿ: 'ಜಾಸ್ತಿ' ಇದ್ದರೆ ಕೂಡಿ, 'ಕಡಿಮೆ' ಇದ್ದರೆ ಕಳೆಯಿರಿ.

ಕೆಲವು ಲೆಕ್ಕದಲ್ಲಿ 'ಗಿಂತ' ಇರುವುದೇ ಇಲ್ಲ. "ಇಬ್ಬರ ನಡುವಿನ ವ್ಯತ್ಯಾಸ 8 ಕೆ.ಜಿ., ಅಕ್ಕನದ್ದು ಹೆಚ್ಚು" ಎಂದು ಕೊಟ್ಟಿರುತ್ತಾರೆ. ಆಗ ನೀವೇ 'ಗಿಂತ' ಹಾಕಿ ವಾಕ್ಯವನ್ನು ರಫ್ ಪುಸ್ತಕದಲ್ಲಿ ತಿರುಗಿಸಿ ಬರೆಯಿರಿ. ಒಂದು ನಿಮಿಷದ ಕೆಲಸ.

ಹಂತ 3: 'ಯ' ಅಂದರೆ ಏನು ಎಂದು ಬರೆದಿಡಿ

ತಮ್ಮ ಸುಲಿದ ಅಡಿಕೆ = ಯ ಕೆ.ಜಿ.
ಅಕ್ಕ ಸುಲಿದ ಅಡಿಕೆ = ಯ + 8 ಕೆ.ಜಿ.

ಈ ಎರಡು ಸಾಲನ್ನು ಎಂದೂ ಬಿಡಬೇಡಿ. ಸುಮ್ನೆ 'ಯ = ತಮ್ಮ' ಎಂದು ಬರೆಯುವುದೂ ಸರಿಯಲ್ಲ. 'ಯ' ತಮ್ಮನಲ್ಲ, ತಮ್ಮ ಸುಲಿದ ಅಡಿಕೆಯ ಕೆ.ಜಿ. ಸಣ್ಣ ವಿಷಯ ಅನ್ನಿಸುತ್ತದೆ ಅಲ್ವಾ? ವಯಸ್ಸಿನ ಲೆಕ್ಕ, ನೋಟಿನ ಲೆಕ್ಕಕ್ಕೆ ಹೋದಾಗ ಇದೇ ದೊಡ್ಡದಾಗುತ್ತದೆ. 'ಯ' ಅಂದರೆ ನೋಟಿನ ಸಂಖ್ಯೆಯೋ, ರೂಪಾಯಿಯೋ? ಈಗಿನ ವಯಸ್ಸೋ, ಐದು ವರ್ಷದ ಹಿಂದಿನದ್ದೋ? ಬರೆದಿಟ್ಟಿದ್ದರೆ ಮಾತ್ರ ಉಳಿದುಕೊಳ್ಳುತ್ತೀರಿ. ಪರೀಕ್ಷೆಯಲ್ಲಿ ಹಂತಕ್ಕೂ ಅಂಕ ಇರುತ್ತದೆ. ಕೊನೆಗೆ ಲೆಕ್ಕ ಕೈಕೊಟ್ಟರೂ ಈ ಸಾಲುಗಳು ಕಾಯುತ್ತವೆ.

ಹಂತ 4: ಉಳಿದ ವಾಕ್ಯದಿಂದ ಸಮೀಕರಣ

'ಗಿಂತ' ಇರುವ ವಾಕ್ಯವನ್ನು ಬಳಸಿ ಆಯಿತು. ಇನ್ನು ಉಳಿದದ್ದು 'ಸೇರಿ 46' ಎನ್ನುವ ವಾಕ್ಯ.

ಯ + (ಯ + 8) = 46

ಒಂದೇ ವಾಕ್ಯವನ್ನು ಎರಡು ಸಲ ಬಳಸಬೇಡಿ. ಅಕ್ಕನದ್ದು ಯ + 8 ಎಂದು 'ಗಿಂತ' ವಾಕ್ಯದಿಂದ ಬರೆದು, ಮತ್ತೆ ಅದೇ ವಾಕ್ಯದಿಂದ (ಯ + 8) − ಯ = 8 ಎಂದು ಬರೆದರೆ 8 = 8 ಬರುತ್ತದೆ. ತಪ್ಪಲ್ಲ, ಆದರೆ ಅಲ್ಲಿಂದ ಮುಂದೆ ದಾರಿಯಿಲ್ಲ. ಲೆಕ್ಕದಲ್ಲಿ ಎರಡು ಸುದ್ದಿ ಇರುತ್ತದೆ. ಒಂದು ಹೆಸರಿಡುವುದಕ್ಕೆ, ಇನ್ನೊಂದು ಸಮೀಕರಣಕ್ಕೆ.

ಹಂತ 5: ಬಿಡಿಸಿ

2ಯ + 8 = 46
2ಯ = 46 − 8 = 38
ಯ = 19

ಎಡಗಡೆಯ 8 ಬಲಗಡೆಗೆ ಹೋದಾಗ ಕಳೆಯುವ ಚಿಹ್ನೆ ಯಾಕೆ ಬಂತು? ಪುಸ್ತಕದಲ್ಲಿ ಇದಕ್ಕೆ ಪಕ್ಷಾಂತರ ಅನ್ನುತ್ತಾರೆ, ಅಂದರೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವುದು. "ಬದಿ ದಾಟಿದರೆ ಚಿಹ್ನೆ ಬದಲಾಗುತ್ತದೆ" ಎಂದು ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ. ಬಾಯಿಪಾಠ ಮಾಡಿದ ಮಗು 2ಯ = 38 ಬಂದಾಗ 2 ಅನ್ನೂ ದಾಟಿಸಿ ಯ = 38 − 2 ಎಂದು ಬರೆಯುತ್ತದೆ. ಎಷ್ಟೋ ಪುಸ್ತಕದಲ್ಲಿ ಇದನ್ನು ನೋಡಿದ್ದೇನೆ. ಅದರ ಬದಲು ತಕ್ಕಡಿ ನೆನೆಸಿಕೊಳ್ಳಿ. ಎರಡೂ ತಟ್ಟೆ ಸಮ ಇದೆ. ಎಡಗಡೆಯಿಂದ 8 ತೆಗೆದರೆ ಬಲಗಡೆಯಿಂದಲೂ 8 ತೆಗೆಯಬೇಕು. ಎಡಗಡೆ ಅರ್ಧ ಮಾಡಿದರೆ ಬಲಗಡೆಯೂ ಅರ್ಧ. ಇಷ್ಟು ತಿಳಿದರೆ ಚಿಹ್ನೆ ತಪ್ಪುವುದಿಲ್ಲ.

46ರಿಂದ 8 ಕಳೆದದ್ದು ಯಾವುದು, ನೆನಪಾಯಿತೇ? ಜಗಲಿಯಲ್ಲಿ ಬದಿಗಿಟ್ಟ ನಾಲ್ಕು ಅಡಿಕೆ!

ಹಂತ 6: ಪ್ರಶ್ನೆಗೆ ವಾಪಸ್ ಬನ್ನಿ, ಎರಡು ಸಲ ತಾಳೆ ನೋಡಿ

ಯ = 19 ಅಂದರೆ ತಮ್ಮನದ್ದು 19 ಕೆ.ಜಿ. ಕೇಳಿದ್ದು ಅಕ್ಕನದ್ದು: 19 + 8 = 27 ಕೆ.ಜಿ.

ಈಗ ತಾಳೆ. 27 + 19 = 46, ಸರಿ. 27 − 19 = 8, ಸರಿ. ಎರಡನ್ನೂ ನೋಡಬೇಕು. ಒಂದೇ ನೋಡಿದರೆ ತಪ್ಪು ಉತ್ತರವೂ ಪಾಸಾಗಿಬಿಡಬಹುದು. 46ರ ಅರ್ಧ 23, ಅದಕ್ಕೆ 8 ಕೂಡಿ 31, ಇನ್ನೊಂದು 23 ಎಂದು ಬರೆದ ಹುಡುಗ ವ್ಯತ್ಯಾಸ ನೋಡಿ ಖುಷಿಪಡುತ್ತಾನೆ. 31 − 23 = 8, ಹೌದು. ಆದರೆ ಮೊತ್ತ 54. ತಾಳೆ ನೋಡುವಾಗ ನಿಮ್ಮ ಸಮೀಕರಣಕ್ಕೆ ಉತ್ತರ ಹಾಕಬೇಡಿ. ಕೊಟ್ಟ ಲೆಕ್ಕದ ವಾಕ್ಯಕ್ಕೇ ಹಾಕಿ. ಸಮೀಕರಣವೇ ತಪ್ಪಿದ್ದರೆ ಅದಕ್ಕೆ ಹಾಕಿ ನೋಡಿ ಏನು ಪ್ರಯೋಜನ?

ಒಂದು ಸಣ್ಣ ಉಪಾಯವೂ ಇದೆ. ಮಕ್ಕಳು, ಹಸು, ಮರ ಇಂಥ ಬಿಡಿ ವಸ್ತುಗಳ ಲೆಕ್ಕವಾದರೆ ಮೊತ್ತ ಮತ್ತು ವ್ಯತ್ಯಾಸ ಎರಡೂ ಸಮಸಂಖ್ಯೆ ಇರಬೇಕು, ಇಲ್ಲವೇ ಎರಡೂ ಬೆಸ ಇರಬೇಕು. "ತರಗತಿಯಲ್ಲಿ 45 ಮಕ್ಕಳು, ಹುಡುಗರಿಗಿಂತ ಹುಡುಗಿಯರು 8 ಜಾಸ್ತಿ" ಅಂದರೆ ಹದಿನೆಂಟೂವರೆ ಹುಡುಗರು ಬರುತ್ತಾರೆ. ಹಾಗೆ ಬಂದರೆ ನೀವು ಸಂಖ್ಯೆಯನ್ನು ತಪ್ಪಾಗಿ ಇಳಿಸಿಕೊಂಡಿದ್ದೀರಿ, ಇಲ್ಲವೇ ಲೆಕ್ಕವೇ ತಪ್ಪು. ಮಕ್ಕಳಿಗಾಗಿ ಮನೆಯಲ್ಲಿ ಲೆಕ್ಕ ಕಟ್ಟುವ ಅಪ್ಪ ಅಮ್ಮಂದಿರು ಇದನ್ನು ಗಮನಿಸಿ.

'ಕಡಿಮೆ' ಬಂದರೆ

"ತೋಟದಲ್ಲಿ ಬಾಳೆಗಿಡ ಮತ್ತು ಕಾಳುಮೆಣಸಿನ ಬಳ್ಳಿ ಸೇರಿ 90 ಇವೆ. ಬಾಳೆಗಿಡಕ್ಕಿಂತ ಮೆಣಸಿನ ಬಳ್ಳಿ 14 ಕಡಿಮೆ."

'ಕ್ಕಿಂತ' ಬಾಳೆಗೆ ಅಂಟಿದೆ. ಬಾಳೆ = ಯ, ಬಳ್ಳಿ = ಯ − 14. ಕೂಡಿದರೆ 2ಯ − 14 = 90, ಹಾಗಾಗಿ 2ಯ = 104, ಯ = 52. ಬಾಳೆ 52, ಬಳ್ಳಿ 38. ಇಲ್ಲಿ 14 ಅನ್ನು 90ಕ್ಕೆ ಕೂಡಿದೆವು, ಕಳೆಯಲಿಲ್ಲ. ಬಳ್ಳಿಗೆ 14 ಸಾಲ ಕೊಟ್ಟು ಬಾಳೆಗೆ ಸಮ ಮಾಡಿದ ಹಾಗೆ. 'ಕಡಿಮೆ' ಕಂಡ ತಕ್ಷಣ 90ರಲ್ಲಿ 14 ಕಳೆದು ಅರ್ಧ ಮಾಡಿ "ಬಾಳೆ 38" ಎಂದು ಬರೆಯುವವರು ತುಂಬಾ ಜನ. ಸಂಖ್ಯೆ ಸರಿ, ಹೆಸರು ಅದಲು ಬದಲು.

ಎಲ್ಲರನ್ನೂ ಬೀಳಿಸುವ ಕೊಡೆ

"ಒಂದು ಕೊಡೆ ಮತ್ತು ಅದರ ಚೀಲ ಸೇರಿ 550 ರೂಪಾಯಿ. ಚೀಲಕ್ಕಿಂತ ಕೊಡೆಗೆ 500 ರೂಪಾಯಿ ಜಾಸ್ತಿ. ಚೀಲ ಎಷ್ಟು?"

ಬಾಯಿಗೆ ತಕ್ಷಣ ಬರುವುದು 50. ದೊಡ್ಡವರೂ ಹಾಗೇ ಹೇಳುತ್ತಾರೆ. ಚೀಲ 50 ಆದರೆ ಕೊಡೆ 550, ಎರಡೂ ಸೇರಿ 600 ಆಗಿಬಿಡುತ್ತದೆ. ಚೀಲ = ಯ, ಕೊಡೆ = ಯ + 500, 2ಯ = 50, ಯ = 25. ಕೊಡೆ 525. '500 ಜಾಸ್ತಿ' ಅನ್ನುವುದನ್ನು ನಮ್ಮ ತಲೆ '500' ಎಂದು ಓದಿಬಿಡುತ್ತದೆ. ಸುಲಭ ಎಂದು ಕಂಡ ಲೆಕ್ಕಕ್ಕೂ ಹಂತ 3 ಬರೆಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮೂರು ಸಂಗತಿ ಇದ್ದರೆ

"ಆಗುಂಬೆಯಲ್ಲಿ ಮೂರು ದಿನ ಸೇರಿ 400 ಮಿ.ಮೀ. ಮಳೆ ಬಿತ್ತು ಎಂದಿಟ್ಟುಕೊಳ್ಳಿ. ಎರಡನೇ ದಿನ ಮೊದಲ ದಿನಕ್ಕಿಂತ 30 ಮಿ.ಮೀ. ಜಾಸ್ತಿ. ಮೂರನೇ ದಿನ ಎರಡನೇ ದಿನಕ್ಕಿಂತ 20 ಮಿ.ಮೀ. ಕಡಿಮೆ."

ಎರಡು 'ಕ್ಕಿಂತ' ಇದೆ. ಒಂದಕ್ಕೊಂದು ಸರಪಳಿ ಹಾಗೆ. ಮೊದಲ ದಿನ ಯ. ಎರಡನೇ ದಿನ ಯ + 30. ಮೂರನೇ ದಿನ? ಯ − 20 ಅಲ್ಲ. ಅದನ್ನು ಅಳೆದದ್ದು ಎರಡನೇ ದಿನದಿಂದ. ಹಾಗಾಗಿ ಯ + 30 − 20, ಅಂದರೆ ಯ + 10. ಮೂರನ್ನೂ ಕೂಡಿದರೆ 3ಯ + 40 = 400, ಯ = 120. ಮಳೆ 120, 150, 130. ಕೂಡಿ ನೋಡಿ.

ಅನುಕ್ರಮ ಸಂಖ್ಯೆಗಳ ಲೆಕ್ಕವೂ ಇದೇ ಜಾತಿ. ಅನುಕ್ರಮ ಅಂದರೆ ಒಂದರ ಹಿಂದೆ ಒಂದು ಬರುವ ಸಂಖ್ಯೆಗಳು. ಮೂರು ಅನುಕ್ರಮ ಸಂಖ್ಯೆಗಳ ಮೊತ್ತ 72 ಅಂದರೆ ನಡುವಿನದ್ದಕ್ಕೆ 'ಯ' ಕೊಡಿ. ಯ − 1, ಯ, ಯ + 1. ಕೂಡಿದರೆ 3ಯ = 72. ಉತ್ತರ 23, 24, 25.

'ಪಟ್ಟು' ಮತ್ತು 'ಜಾಸ್ತಿ' ಬೇರೆ ಬೇರೆ

3 ಜಾಸ್ತಿ ಅಂದರೆ ಯ + 3. 3 ಪಟ್ಟು ಅಂದರೆ 3ಯ. ಇವೆರಡೂ ಒಂದೇ ವಾಕ್ಯದಲ್ಲಿ ಬಂದಾಗ ಗೊಂದಲ. ಕೆಳಗಿನ ಲೆಕ್ಕದಲ್ಲಿ ಬೆಟ್ಟೆ, ರಾಶಿ ಅಂದರೆ ಅಡಿಕೆಯ ಎರಡು ಬಗೆ.

"ಒಬ್ಬರ ಮನೆಯಲ್ಲಿ ಬೆಟ್ಟೆ ಮತ್ತು ರಾಶಿ ಅಡಿಕೆ ಸೇರಿ 18 ಕ್ವಿಂಟಲ್. ಬೆಟ್ಟೆಯ 3 ಪಟ್ಟಿಗಿಂತ ರಾಶಿ 2 ಕ್ವಿಂಟಲ್ ಜಾಸ್ತಿ." ಬೆಟ್ಟೆ ಯ. ಅದರ ಮೂರು ಪಟ್ಟು 3ಯ. ಅದಕ್ಕಿಂತ 2 ಜಾಸ್ತಿ, 3ಯ + 2. ಹೀಗೆ ಒಂದೊಂದೇ ತುಂಡು ಬರೆಯಿರಿ. 4ಯ + 2 = 18, ಯ = 4. ಬೆಟ್ಟೆ 4, ರಾಶಿ 14 ಕ್ವಿಂಟಲ್.

"3 ಪಟ್ಟು ಜಾಸ್ತಿ" ಎಂದು ಯಾರಾದರೂ ಲೆಕ್ಕ ಕೊಟ್ಟರೆ ಏನು ಅರ್ಥ ಎಂದು ಕೇಳಿಬಿಡಿ. ಮಾತಿನಲ್ಲಿ ನಾವು 'ಮೂರು ಪಟ್ಟು' ಎನ್ನುವುದಕ್ಕೇ ಹಾಗೆ ಹೇಳುತ್ತೇವೆ. ಆದರೆ ಯ ಜೊತೆಗೆ ಇನ್ನೂ 3ಯ ಎಂದು ಹಿಡಿಯುವವರೂ ಇದ್ದಾರೆ. ಲೆಕ್ಕ ಬರೆಯುವವರು ಈ ಮಾತನ್ನು ಬಿಟ್ಟರೆ ಮಕ್ಕಳಿಗೆ ಉಪಕಾರ.

ವಯಸ್ಸಿನ ಲೆಕ್ಕ: ಕಾಲ ಎಲ್ಲರಿಗೂ ಸರಿಯುತ್ತದೆ

"ಅಪ್ಪ ಮತ್ತು ಮಗಳ ವಯಸ್ಸು ಕೂಡಿದರೆ 52. ನಾಲ್ಕು ವರ್ಷದ ಹಿಂದೆ ಅಪ್ಪನ ವಯಸ್ಸು ಮಗಳ ವಯಸ್ಸಿನ 3 ಪಟ್ಟು ಇತ್ತು. ಈಗ ಇಬ್ಬರಿಗೂ ಎಷ್ಟು?"

ನಾಲ್ಕು ವರ್ಷದ ಹಿಂದೆ ಇಬ್ಬರ ಮೊತ್ತ ಎಷ್ಟಿತ್ತು? 48 ಎಂದು ಹೇಳಿದಿರಾದರೆ ಒಂದು ಕ್ಷಣ ನಿಲ್ಲಿ. ಅಪ್ಪನಿಗೂ 4 ಕಡಿಮೆ, ಮಗಳಿಗೂ 4 ಕಡಿಮೆ. ಹಾಗಾಗಿ 52 − 8 = 44. ಆಗಿನ ಮಗಳ ವಯಸ್ಸು ಯ, ಅಪ್ಪನದ್ದು 3ಯ. 4ಯ = 44, ಯ = 11. ಇದು ಆಗಿನ ವಯಸ್ಸು! ಈಗ ಮಗಳಿಗೆ 15, ಅಪ್ಪನಿಗೆ 37.

ವಯಸ್ಸಿನ ಲೆಕ್ಕದಲ್ಲಿ ಮೊತ್ತ ಬದಲಾಗುತ್ತದೆ, ವ್ಯತ್ಯಾಸ ಮಾತ್ರ ಎಂದೂ ಬದಲಾಗುವುದಿಲ್ಲ. ಅಂದು 33 − 11 = 22, ಇಂದು 37 − 15 = 22. ತಾಳೆ ನೋಡುವಾಗ ಮೊತ್ತ, ಪಟ್ಟುಗಳ ಜೊತೆಗೆ ಇದನ್ನೂ ನೋಡಿ.

ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕುವ ಲೆಕ್ಕ

"ಎರಡು ಬುಟ್ಟಿಯಲ್ಲಿ ಒಟ್ಟು 120 ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ) ಇದೆ. ದೊಡ್ಡ ಬುಟ್ಟಿಯಿಂದ 10 ತೆಗೆದು ಚಿಕ್ಕದಕ್ಕೆ ಹಾಕಿದರೆ ಎರಡೂ ಸಮ."

ವ್ಯತ್ಯಾಸ 10 ಎಂದು ಬರೆದರೆ ತಪ್ಪು. ನೆಲದ ಮೇಲೆ 14 ಮತ್ತು 6 ಆದದ್ದು ನೆನಪಿರಲಿ. ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಿದಾಗ ಅಂತರ ಎರಡು ಪಟ್ಟು ಸರಿಯುತ್ತದೆ. ಮೊದಲಿನ ವ್ಯತ್ಯಾಸ 20. ಹಾಗಾಗಿ 70 ಮತ್ತು 50. ಹತ್ತು ಮಿಡಿ ಸರಿಸಿ ನೋಡಿ, 60 ಮತ್ತು 60.

ಅದೇ "ದೊಡ್ಡ ಬುಟ್ಟಿಯಿಂದ 10 ಮಿಡಿ ಉಪ್ಪಿಗೆ ಹಾಕಿದರೆ ಸಮ" ಅಂದಿದ್ದರೆ ವ್ಯತ್ಯಾಸ 10 ಸರಿ. ಮಿಡಿ ಭರಣಿಗೆ ಹೋಯಿತು, ಚಿಕ್ಕ ಬುಟ್ಟಿಗಲ್ಲ. ತೆಗೆದದ್ದು ಎಲ್ಲಿಗೆ ಹೋಯಿತು ಎಂದು ಪ್ರತಿ ಸಲ ಕೇಳಿಕೊಳ್ಳಿ.

ನೋಟಿನ ಲೆಕ್ಕ

"ಬಸ್ ಕಂಡಕ್ಟರ್ ಹತ್ತಿರ 20ರ ಮತ್ತು 50ರ ನೋಟು ಸೇರಿ 30 ನೋಟು ಇವೆ. ಒಟ್ಟು ಹಣ 1,020 ರೂಪಾಯಿ. ಯಾವುದು ಎಷ್ಟು?"

ಇಲ್ಲಿ ಮೊತ್ತ ಎರಡು: ನೋಟಿನ ಮೊತ್ತ ಮತ್ತು ರೂಪಾಯಿಯ ಮೊತ್ತ. ಎರಡನ್ನೂ ಬೆರೆಸಿದರೆ ಕೆಟ್ಟಿತು. 20ರ ನೋಟಿನ ಸಂಖ್ಯೆ ಯ. 50ರ ನೋಟಿನ ಸಂಖ್ಯೆ 30 − ಯ. ಈಗ ಹಣ: 20ಯ + 50(30 − ಯ) = 1020. ಆವರಣ ಬಿಡಿಸುವಾಗ 50 ಎರಡಕ್ಕೂ ಗುಣಿಸಬೇಕು. 20ಯ + 1500 − 50ಯ = 1020. ಅಂದರೆ 30ಯ = 480, ಯ = 16. ಇಪ್ಪತ್ತರ ನೋಟು 16, ಐವತ್ತರದ್ದು 14. ಹಣ 320 + 700 = 1,020.

ಬಾಯಿಲೆಕ್ಕದವರಿಗೆ ಬೇರೆ ದಾರಿ ಇದೆ. ಎಲ್ಲ ಇಪ್ಪತ್ತರದ್ದೇ ಆಗಿದ್ದರೆ 600 ರೂಪಾಯಿ. 420 ಜಾಸ್ತಿ ಇದೆ. ಒಂದೊಂದು ಐವತ್ತರ ನೋಟು 30 ಜಾಸ್ತಿ ತರುತ್ತದೆ. 420 ÷ 30 = 14. ನನಗೆ ಈ ದಾರಿಯೇ ಹೆಚ್ಚು ಇಷ್ಟ. ಆದರೆ ಪರೀಕ್ಷೆಯಲ್ಲಿ ಸಮೀಕರಣ ಕೇಳಿದರೆ ಸಮೀಕರಣವನ್ನೇ ಬರೆಯಬೇಕು.

ಹತ್ತನೇ ತರಗತಿಯವರಿಗೆ: ಎರಡು ಅಕ್ಷರ

ಎರಡಕ್ಕೂ ಬೇರೆ ಬೇರೆ ಅಕ್ಷರ ಕೊಟ್ಟು ಎರಡು ಸಮೀಕರಣ ಬರೆಯಬಹುದು. ಭಾಸ್ಕರಾಚಾರ್ಯರು ಎರಡನೆಯದಕ್ಕೆ 'ಕಾಲಕ' ಅಂದರೆ ಕಪ್ಪು ಎಂದು ಬಣ್ಣದ ಹೆಸರಿಡುತ್ತಿದ್ದರು. ನಾವು 'ಕ' ಬರೆಯೋಣ. ಅಕ್ಕನದ್ದು ಯ, ತಮ್ಮನದ್ದು ಕ ಆದರೆ:

ಯ + ಕ = 46
ಯ − ಕ = 8

ಎರಡನ್ನೂ ಕೂಡಿದರೆ ಕ ಹೊರಟುಹೋಗುತ್ತದೆ, 2ಯ = 54, ಯ = 27. ಮೇಲಿನದರಲ್ಲಿ ಕೆಳಗಿನದನ್ನು ಕಳೆದರೆ 2ಕ = 38, ಕ = 19. ಹೀಗೆ ಒಂದು ಅಕ್ಷರವನ್ನು ಹೊರಗೆ ಹಾಕುವುದಕ್ಕೆ ವರ್ಜಿಸುವ ವಿಧಾನ ಎಂದು ಹೆಸರು. ಕಳೆಯುವಾಗ −ಕ ಹೋಗಿ +ಕ ಆಗುತ್ತದೆ, ಅಲ್ಲಿ ಹುಷಾರು.

ಮೊತ್ತಕ್ಕೆ ವ್ಯತ್ಯಾಸ ಕೂಡಿ ಅರ್ಧ ಮಾಡಿದರೆ ದೊಡ್ಡದು, ಕಳೆದು ಅರ್ಧ ಮಾಡಿದರೆ ಚಿಕ್ಕದು. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಗಣಿತದ ಪುಸ್ತಕ ಲೀಲಾವತಿಯಲ್ಲಿ ಇದಕ್ಕೆ 'ಸಂಕ್ರಮಣ' ಎಂಬ ಹೆಸರಿದೆ. ಆ ಸೂತ್ರವನ್ನು ಮಕ್ಕಳಿಗೆ ಮೊದಲೇ ಕೊಡಬೇಡಿ. ಅಡಿಕೆ ಹಂಚಿ, ಹತ್ತು ಲೆಕ್ಕ ಬಿಡಿಸಿದ ಮೇಲೆ ಅವರೇ ಕಂಡುಹಿಡಿಯುತ್ತಾರೆ. ಆಗ ಅವರ ಮುಖ ನೋಡಬೇಕು.

ದೋಣಿಯ ಲೆಕ್ಕದಲ್ಲಿ ಸಂಕ್ರಮಣ ವೇಷ ಹಾಕಿಕೊಂಡು ಬರುತ್ತದೆ. "ಹೊಳೆ ಹರಿಯುವ ದಿಕ್ಕಿನಲ್ಲಿ ದೋಣಿಯ ವೇಗ ಗಂಟೆಗೆ 9 ಕಿ.ಮೀ., ಎದುರು ದಿಕ್ಕಿನಲ್ಲಿ 5 ಕಿ.ಮೀ." ಎಂದು ಕೊಟ್ಟಿರುತ್ತಾರೆ. ಮೊತ್ತ ಅನ್ನುವ ಮಾತೇ ಇಲ್ಲ. ತುಂಗೆಯ ದಡದಲ್ಲಿ ನಿಂತು ಯೋಚಿಸಿ. ಕೆಳಗೆ ಹೋಗುವಾಗ ನೀರು ದೂಡುತ್ತದೆ: ದೋಣಿ + ನೀರು = 9. ಮೇಲೆ ಬರುವಾಗ ನೀರು ತಡೆಯುತ್ತದೆ: ದೋಣಿ − ನೀರು = 5. ದೋಣಿ 7, ನೀರು 2.

ನೀವೇ ಮಾಡಿ ನೋಡಿ

ಒಂದು: ಎರಡು ಜೇನುಪೆಟ್ಟಿಗೆಯಿಂದ ಸೇರಿ 11 ಕೆ.ಜಿ. ತುಪ್ಪ ಸಿಕ್ಕಿತು. ಮೊದಲನೆಯದಕ್ಕಿಂತ ಎರಡನೆಯದರಲ್ಲಿ 3 ಕೆ.ಜಿ. ಕಡಿಮೆ. ಯಾವುದರಲ್ಲಿ ಎಷ್ಟು?

ಎರಡು: ಎರಡು ಡಬ್ಬಿಯಲ್ಲಿ ಒಟ್ಟು 84 ಚಕ್ಕುಲಿ. ಮೊದಲನೆಯದರಿಂದ 9 ತೆಗೆದು ಎರಡನೆಯದಕ್ಕೆ ಹಾಕಿದರೆ ಸಮ. ಮೊದಲು ಎಷ್ಟೆಷ್ಟಿತ್ತು?

ಮೂರು: ಅಜ್ಜಿ ಮತ್ತು ಮೊಮ್ಮಗನ ವಯಸ್ಸು ಸೇರಿ 80. ಇನ್ನು ಐದು ವರ್ಷಕ್ಕೆ ಅಜ್ಜಿಯ ವಯಸ್ಸು ಮೊಮ್ಮಗನ ವಯಸ್ಸಿನ 5 ಪಟ್ಟು ಆಗುತ್ತದೆ. ಈಗ ಎಷ್ಟು?

ಉತ್ತರ: ಮೊದಲನೆಯದು 7 ಮತ್ತು 4 ಕೆ.ಜಿ. ಎರಡನೆಯದು 51 ಮತ್ತು 33. ಮೂರನೆಯದು ಅಜ್ಜಿಗೆ 70, ಮೊಮ್ಮಗನಿಗೆ 10. ಎರಡನೆಯದರಲ್ಲಿ ನಿಮಗೆ ಸಮಸಂಖ್ಯೆಯಲ್ಲದ ವ್ಯತ್ಯಾಸ ಬಂದು ಅರ್ಧ ಚಕ್ಕುಲಿ ಉಳಿದರೆ, ಅಪ್ಪೆಮಿಡಿಯ ಲೆಕ್ಕಕ್ಕೆ ವಾಪಸ್ ಹೋಗಿ ಇನ್ನೊಂದು ಸಲ ಓದಿ.